ಗೂಳಿಯ ಹನ್ನೊಂದು ನಿಮಿಷ

ಎಲೈ ಹೊಗೆಯ ಒಡತಿಯೇ, ಸೈಲೆನ್ಸರಿನ ಕಂಠದಲ್ಲಿ ಮನೆ ಮಾಡಿಕೊಂಡವಳೇ, ಡೀಸೆಲಿನ ಗಂಧವನ್ನೇ ಮೈಗೆ ಪೂಸಿಕೊಂಡು ಮೆರೆಯುವವಳೇ, ಒಂದು ಗಳಿಗೆ ಕೆಮ್ಮದೆ ಕುಳಿತು ನನ್ನ ನಾಲಗೆಗೆ ನಾಲ್ಕು ಹನಿ ಎಣ್ಣೆ ಬಿಡು. ನಾನು ಹಾಡಹೊರಟಿರುವುದು ಕಿರೀಟ ತೊಟ್ಟವರ ಕಥೆಯಲ್ಲ. ಹರಿದ ಬನಿಯನ್ನಿಗೆ ಕೈ ಒರೆಸಿಕೊಂಡವರ ಕಥೆ. ಇದರಲ್ಲಿ ರಾಜ್ಯ ಹೋಗುವುದಿಲ್ಲ, ತಲೆ ಉರುಳುವುದಿಲ್ಲ. ಹೋಗುವುದು ಕರೆಂಟು, ಉರುಳುವುದು ಒಂದು ನಟ್ಟು, ಅದೂ ಬೆಂಚಿನ ಕೆಳಗೆ.

ಆ ಯುಗ ಯಾವುದು ಎನ್ನುವಿರೋ? ಕೃತವಲ್ಲ, ತ್ರೇತವಲ್ಲ, ಸ್ಟ್ಯಾಂಡ್‌ಬೈ ಯುಗ. ಕರೆಂಟು ಹೋದಾಗ ಬೇಕಾಗುತ್ತದೆಂದು ಕೂಡಿಟ್ಟ ಸಾಮಾನುಗಳೇ ಮನೆಯಲ್ಲಿ ಕರೆಂಟಿನ ಸಾಮಾನಿಗಿಂತ ಹೆಚ್ಚು ಜಾಗ ಹಿಡಿದಿದ್ದ ಯುಗ. ಕಾರ್ಖಾನೆಗೊಂದು ತಗಡಿನ ಶೆಡ್ಡು, ಶೆಡ್ಡಿಗೊಂದು ಕರೆಂಟು ಹುಟ್ಟಿಸುವ ಎಂಜಿನ್ನು. ಈ ಎಂಜಿನ್ನಿನ ಧರ್ಮ ಓಡುವುದಲ್ಲ, ಕಾಯುವುದು. ಲಾರಿಯ ಎಂಜಿನ್ನು ವರ್ಷವಿಡೀ ಓಡಿ ಒಮ್ಮೆ ಕೆಟ್ಟರೆ ಪಾಪ ದಣಿದಿದೆ ಎನ್ನುತ್ತಾರೆ. ತಿಂಗಳಿಗೆ ಎರಡು ತಾಸು ಓಡುವ ಇದು ಒಮ್ಮೆ ಕೆಟ್ಟರೆ, ಬಿದ್ದುಕೊಂಡು ತಿನ್ನುತ್ತದೆ ಎನ್ನುತ್ತಾರೆ. ಈ ಅನ್ಯಾಯ ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ. ಆದರೆ ಉರಿ ಪಕ್ಕಕ್ಕಿಟ್ಟು ಕಥೆಗೆ ಬರುತ್ತೇನೆ.

ರಾಣೆಬೆನ್ನೂರಿನಿಂದ ಹಲಗೇರಿಯ ಕಡೆಗೆ ಹೊರಟರೆ ಗೋವಿನಜೋಳದ ಹೊಲಗಳ ನಡುವೆ ಒಂದು ಉದ್ದನೆಯ ಬಿಳಿ ಕಟ್ಟಡ ಕಾಣುತ್ತದೆ. ಅದು ಹ್ಯಾಚರಿ, ಕೋಳಿಮೊಟ್ಟೆಗೆ ಯಂತ್ರದಿಂದ ಕಾವು ಕೊಟ್ಟು ಮರಿ ತೆಗೆಯುವ ಜಾಗ. ತಾಯಿಕೋಳಿ ಇಪ್ಪತ್ತೊಂದು ದಿನ ಕುಳಿತು ಮಾಡುವ ಕೆಲಸವನ್ನು ಅಲ್ಲಿ ಹೀಟರು, ಫ್ಯಾನು ಮತ್ತು ದುರ್ಗವ್ವ ಎಂಬ ಹೆಣ್ಣುಮಗಳು ಸೇರಿ ಮಾಡುತ್ತಾರೆ. ನಮ್ಮ ಕಥೆಯ ದಿನ ಮರಿ ಖೋಲಿಯಲ್ಲಿ ಮೂವತ್ತೆರಡು ಸಾವಿರ ಮೊಟ್ಟೆಗಳು ಇಪ್ಪತ್ತನೆಯ ದಿನ ಮುಟ್ಟಿದ್ದವು. ಒಳಗಿನಿಂದ ಕೊಕ್ಕಿನ ಟಕ್ ಟಕ್ ಶುರುವಾಗಿತ್ತು. ಆ ಹೊತ್ತಿನಲ್ಲಿ ಮರಿ ಚಿಪ್ಪಿನೊಳಗೇ ಉಸಿರಾಡುತ್ತದೆ. ಫ್ಯಾನು ಒಂದು ತಾಸು ನಿಂತರೆ ಖೋಲಿ ಕುದಿದು, ಗಾಳಿ ಕೆಟ್ಟು, ನಾಳೆ ಹೊರಬರಬೇಕಾದದ್ದು ಒಳಗೇ ಉಳಿಯುತ್ತದೆ.

ಈ ಕಟ್ಟಡದ ಹಿಂಬದಿಯ ತಗಡಿನ ಶೆಡ್ಡಿನ ಏಕಚ್ಛತ್ರಾಧಿಪತಿ, ಪಾನಾಪಾಣಿ, ಗ್ರೀಸಲಿಪ್ತವಿಗ್ರಹ, ಷಟ್‌ಸಿಲಿಂಡರಗರ್ಜನಾಹ್ಲಾದಿತಹೃದಯ, ಸೋಮವಾಸರಟ್ರಯಲ್‌ವ್ರತಪರಾಯಣ, ಶೆಡ್ಡಿನ ಬೀಗದಕೈಯನ್ನು ಹತ್ತೊಂಬತ್ತು ವರ್ಷ ಉಡಿದಾರಕ್ಕೇ ಕಟ್ಟಿಕೊಂಡು ತಿರುಗಿದ ಧೀರನೇ ಗುಡ್ಡಪ್ಪ ಹೊಂಬರಡಿ. ಅವನ ಎಂಜಿನ್ನಿನ ಹೆಸರು ಗೂಳಿ. ಹೆಸರಿಟ್ಟವನೂ ಅವನೇ. ನಿಮಿಷಕ್ಕೆ ಸಾವಿರದೈನೂರು ಸುತ್ತು ತಿರುಗುವ ಆ ಪ್ರಾಣಿಯ ಮೈ ಅವನಿಗೆ ಬಾಯಿಪಾಠ. ಮನೆಯಲ್ಲಿ ಹೆಂಡತಿ ಕರೆದರೆ ಎರಡನೆಯ ಸಲಕ್ಕೆ ಕೇಳಿಸುವ ಅವನ ಕಿವಿಗೆ, ಗೂಳಿಯ ಆರು ಸಿಲಿಂಡರಿನಲ್ಲಿ ಒಂದು ತಾಳ ತಪ್ಪಿದರೂ ಗೇಟಿನಾಚೆಯಿಂದಲೇ ಗೊತ್ತಾಗುತ್ತಿತ್ತು.

ಇಂಥ ಗೂಳಿಯ ಕೊರಳಿಗೆ ಕತ್ತಿ ತೂಗತೊಡಗಿ ಒಂದು ವಾರವಾಗಿತ್ತು. ಹ್ಯಾಚರಿಯ ಸಾವಕಾರ್ರು ಮಹಾರುದ್ರಪ್ಪನವರು ಶೆಡ್ಡಿನ ಬಾಗಿಲಲ್ಲಿ ನಿಂತು, ಒಳಗೆ ಬರದೆ, ತಣ್ಣಗೆ ಹೇಳಿದ್ದರು:

"ಗುಡ್ಡಪ್ಪ, ನಿನ್ನ ಗೂಳಿಗೆ ವಯಸ್ಸಾತು. ಹುಬ್ಬಳ್ಳ್ಯಾಗ ಒಂದು ಹೊಸಾದು ನೋಡೇನಿ. ಕರೆಂಟ್ ಹೋಗಿ ಹತ್ತ ಸೆಕೆಂಡಿನ್ಯಾಗ ತಾನ ಚಾಲೂ ಆಕ್ಕೈತಂತ, ಮನಷ್ಯಾ ಬೇಕಾಗಂಗಿಲ್ಲಂತ. ನೋಡೂಣು. ಇನ್ನೊಂದ ಸಲ ಇದು ಕೈ ಕೊಟ್ರ ಗುಜರಿಯಾಂವಗ ಫೋನ್ ಮಾಡೋದ."

ಗುಜರಿ ಎಂದರೆ ಏನೆಂದು ಗುಡ್ಡಪ್ಪನಿಗೆ ಗೊತ್ತಿತ್ತು. ಗ್ಯಾಸಿನ ಬೆಂಕಿ ಹಿಡಿದು ತುಂಡು ಮಾಡಿ, ತೂಕಕ್ಕೆ ಹಾಕುತ್ತಾರೆ. ಆ ಮಾತು ಕೇಳಿದ ಮೇಲೆ ಅವನು ಮೂರು ದಿನ ಸರಿಯಾಗಿ ಉಣ್ಣಲಿಲ್ಲ. ನಾಚಿಕೆ ಬಿಟ್ಟು ಹೇಳುವುದಾದರೆ, ಶೆಡ್ಡಿನಲ್ಲಿ ಒಬ್ಬನೇ ಇದ್ದಾಗ ಒಂದೆರಡು ಸಲ ಕಣ್ಣೂ ಒರೆಸಿಕೊಂಡ. ಗ್ರೀಸಿನ ಕೈಯಲ್ಲಿ ಒರೆಸಿಕೊಂಡದ್ದರಿಂದ ಕಣ್ಣು ಉರಿದು ಇನ್ನಷ್ಟು ನೀರು ಬಂತು.

ಹೀಗಿರುವಲ್ಲಿ, ಮಹಾನವಮಿ ಕಳೆದು ನಾಲ್ಕನೆಯ ದಿನ, ಸಾವಕಾರ್ರು ಆ ಹೊಸ ಯಂತ್ರವನ್ನು ಇನ್ನೊಮ್ಮೆ ಕಣ್ಣಾರೆ ನೋಡಲು ಹುಬ್ಬಳ್ಳಿಗೆ ಹೋಗಿದ್ದಾಗ, ಬೆಳಗಿನ ಹತ್ತು ಗಂಟೆ ಐದು ನಿಮಿಷಕ್ಕೆ, ಕಂಬ ಬದಲಿಸುವ ಕೆಲಸಕ್ಕೆಂದು ಊರಿನ ಕರೆಂಟು ಹೋಯಿತು. ಸಂಜೆ ಐದರ ತನಕ ಬರುವುದಿಲ್ಲವೆಂದು ಲೈನ್‌ಮನ್ ಮೊದಲೇ ಹೇಳಿದ್ದ.

ಮರಿ ಖೋಲಿಯ ಫ್ಯಾನುಗಳು ಸುತ್ತುವುದನ್ನು ಮರೆತು ನಿಂತವು. ದುರ್ಗವ್ವ ಕಿಟಕಿಯಿಂದ ತಲೆ ಹಾಕಿ ಕೂಗಿದಳು. ಗುಡ್ಡಪ್ಪ ಅದಕ್ಕೂ ಮೊದಲೇ ಓಡುತ್ತಿದ್ದ. ಉಡಿದಾರದ ಕೀಲಿ ಬೀಗಕ್ಕೆ ಹೋಯಿತು, ಬೀಗ ನೆಲಕ್ಕೆ ಹೋಯಿತು, ಬಾಗಿಲು ತೆರೆಯಿತು. ಒಳಗೆ ಅರುಣವರ್ಣಕವಚಧಾರಿಯಾಗಿ, ಚೆಂಡುಹೂವಿನ ಮಾಲಾಲಂಕೃತನಾಗಿ, ವಿಭೂತಿತ್ರಿಪುಂಡ್ರಭೂಷಿತನಾಗಿ, ರೇಡಿಯೇಟರಿನ ಹಲ್ಲು ಕಿರಿದು ಗೂಳಿ ನಿಂತಿತ್ತು. ಗುಡ್ಡಪ್ಪ ಅದರ ಮೈ ಮುಟ್ಟಿ ಕಣ್ಣಿಗೊತ್ತಿಕೊಂಡು ಕೀಲಿ ತಿರುವಿದ. ಒಂದು ಗೊರಕೆ, ಒಂದು ಕೆಮ್ಮು, ಒಂದು ಬೊಗಸೆ ಕಪ್ಪು ಹೊಗೆ. ಆಮೇಲೆ ಶೆಡ್ಡಿನ ತಗಡುಗಳು ನಡುಗುವಂಥ ಗರ್ಜನೆ ಎದ್ದು ಜೋಳದ ಹೊಲದ ಗಿಳಿಗಳೆಲ್ಲ ಒಟ್ಟಿಗೆ ಹಾರಿದವು.

ಆಗ ಆ ವೀರನು ಶೆಡ್ಡಿನ ಹೊಸ್ತಿಲ ಮೇಲೆ ಕಾಲಿಟ್ಟು, ಎಡಗೈಯನ್ನು ಸೊಂಟಕ್ಕೂ ಬಲಗೈಯನ್ನು ಆಕಾಶಕ್ಕೂ ನೀಡಿ, ಈ ಪ್ರಕಾರವಾಗಿ ನುಡಿದನು: "ಎಲೌ ಅಂಡಸಮೂಹವೇ, ಅಂಡಾಂತರ್ಗತ ಪಕ್ಷಿಶಾವಕವೃಂದವೇ, ಭಯವನ್ನು ಬಿಡಿರಿ. ಯಾವಾತನ ಹೂಂಕಾರಮಾತ್ರದಿಂದ ನಿಮ್ಮ ಫ್ಯಾನುಗಳು ಮರುಜನ್ಮ ಪಡೆಯುವವೋ, ಯಾವಾತನ ಮುಂದೆ ಹುಬ್ಬಳ್ಳಿಯ ಸ್ವಯಂಚಾಲಿತ ಯಂತ್ರಗಳು ತರಗೆಲೆಗೆ ಸಮವೋ, ಆ ಗೂಳಿಯೂ ಆತನ ಸಾರಥಿಯಾದ ನಾನೂ ಎಚ್ಚರವಾಗಿದ್ದೇವೆ."

ಸುಳ್ಳೇಕೆ ಹೇಳಲಿ, ಗುಡ್ಡಪ್ಪ ನಿಜವಾಗಿ ಅಂದದ್ದು ಇಷ್ಟೇ: "ನೋಡಿದೇನಬೇ ದುರ್ಗಕ್ಕ, ಒಂದ ಸಲ ಕೀಲಿ ತಿರುವಿದ್ದಕ್ಕ ಎದ್ದೈತಿ."

"ಎದ್ದಿದ್ದು ನೋಡಿದೆ," ಎಂದಳು ದುರ್ಗವ್ವ. "ಸಂಜೀತನಾ ಮಕ್ಕೊಳ್ಳದಂಗ ನೋಡ್ಕೋ." ಹೇಳಿ ಕಿಟಕಿ ಮುಚ್ಚಿಕೊಂಡಳು.

ಮಹಾಪುರುಷರ ಮಾತಿಗೆ ವಿಧಿ ಹೊಂಚು ಹಾಕಿ ಕೂತಿರುತ್ತದೆಂದು ಎಲ್ಲರಿಗೂ ಗೊತ್ತು. ಇಲ್ಲಿ ಅದು ಹನ್ನೊಂದು ನಿಮಿಷ ಕೂತಿತ್ತು. ಹನ್ನೊಂದನೆಯ ನಿಮಿಷಕ್ಕೆ ಗೂಳಿಯ ಧ್ವನಿ ತೆಳುವಾಯಿತು. ಒಮ್ಮೆ ಏರಿತು, ಒಮ್ಮೆ ಇಳಿಯಿತು, ಉಸಿರಿಗೆ ತಡಕಾಡಿದಂತಾಯಿತು, ನಿಂತಿತು. ಗುಡ್ಡಪ್ಪನ ಎದೆಯೂ ಅದರ ಜೊತೆ ಒಂದು ಸಲ ನಿಂತು, ಬೇರೆ ದಾರಿ ಕಾಣದೆ ಮತ್ತೆ ಚಾಲೂ ಆಯಿತು.

ಸಾವಿರ ಸಲ ಮಾಡಿದ ಕೆಲಸವನ್ನೇ ಅವನು ಮೊದಲು ಮಾಡಿದ. ಪಕ್ಕದ ಕಬ್ಬಿಣದ ಮೇಜಿನ ಮೇಲಿದ್ದ ಡೀಸೆಲ್ ಟ್ಯಾಂಕಿನ ಮುಚ್ಚಳ ತೆಗೆದು ಕಡ್ಡಿ ಇಳಿಬಿಟ್ಟು ನೋಡಿದ. ಡೀಸೆಲ್ ಬಾಯಿಮಟ್ಟ ಇತ್ತು. ಮುಚ್ಚಳ ಬಿಗಿದ. ಹಾಗಾದರೆ ಪೈಪಿನಲ್ಲಿ ಗಾಳಿ ಸೇರಿಕೊಂಡಿರಬೇಕು. ಡೀಸೆಲ್ ಹೋಗುವ ದಾರಿಯಲ್ಲಿ ಗಾಳಿಗುಳ್ಳೆ ಕೂತರೆ ಎಂಜಿನ್ನು ನಿಲ್ಲುತ್ತದೆ. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲ ಮಾಡಿ ಕೈಪಂಪು ಒತ್ತಿ ಒತ್ತಿ ಆ ಗಾಳಿ ಹೊರಹಾಕಬೇಕು. ಗುಡ್ಡಪ್ಪ ಹೆಬ್ಬೆರಳು ಕೆಂಪಾಗುವ ತನಕ ಒತ್ತಿದ. ಕೀಲಿ ತಿರುವಿದ. ಗೂಳಿ ಎದ್ದಿತು.

"ಗಾಳಿ ಹಿಡಿದಿತ್ತು," ಎಂದು ಅವನು ಖಾಲಿ ಶೆಡ್ಡಿಗೆ ಘೋಷಿಸಿದ. "ತಗದೆ."

ಮತ್ತೆ ಹನ್ನೊಂದು ನಿಮಿಷ. ಮತ್ತೆ ಅದೇ ತಡಕಾಟ, ಅದೇ ಮೌನ.

ಈಗ ಗುಡ್ಡಪ್ಪ ಯಾವತ್ತೂ ಮಾಡಬಾರದೆಂದುಕೊಂಡಿದ್ದ ಕೆಲಸ ಮಾಡಿದ. ಫೋನ್ ತೆಗೆದು ಡೀಸೆಲ್ ಪಂಪಿನ ಡಾಕ್ಟರೆಂದು ಹೆಸರಾದ ದಾವಲಸಾಬರಿಗೆ ಹಚ್ಚಿದ.

ಅಹೋ, ದಾವಲಸಾಬರ ಆಗಮನವನ್ನು ಯಾವ ನಾಲಗೆಯಿಂದ ಬಣ್ಣಿಸಲಿ. ನಾಝಲ್‌ನಾಡೀವಿಶಾರದ, ಗವರ್ನರಗರ್ವಭಂಜಕ, ಪ್ಲಂಜರಬ್ಯಾರಲದಾಂಪತ್ಯಸಂಧಾನಚತುರ, ಶುಭ್ರಧವಲಪೂರ್ಣತೋಳಂಗಿಧಾರಿ ದಾವಲಸಾಬರು ಹಳೆಯ ಸ್ಕೂಟರಿನ ಮೇಲೆ ಬಂದರು. ರಾಣೆಬೆನ್ನೂರಿನ ಅವರ ಪಂಪು ಖೋಲಿಗೆ ಚಪ್ಪಲಿ ಹಾಕಿಕೊಂಡು ಯಾರೂ ಹೋಗುವಂತಿಲ್ಲ. ಫ್ಯಾನು ಹಚ್ಚುವಂತಿಲ್ಲ, ಸೀನುವಂತಿಲ್ಲ. ಡೀಸೆಲನ್ನು ಅಳೆದು, ಹಿಂಡಿ, ಎಂಜಿನ್ನಿನೊಳಗೆ ಸೂಜಿಮೊನೆಯಷ್ಟು ಸಣ್ಣಗೆ ಚಿಮ್ಮಿಸುವ ಪಂಪಿಗೆ ಒಂದು ಧೂಳಿನ ಕಣ ಹೊಕ್ಕರೂ ಕೇಡುಗಾಲ, ಅದಕ್ಕೆ ಈ ಮಡಿ. ಮೂವತ್ತು ವರ್ಷ ಡೀಸೆಲ್ ಪಂಪು ಬಿಚ್ಚಿದ ಆ ಮನುಷ್ಯನ ಅಂಗಿಯ ಮೇಲೆ ಒಂದು ಕಲೆ ಕಂಡವರಿಲ್ಲ. ಗುಡ್ಡಪ್ಪನಿಗೆ ಅವರ ಮೇಲಿದ್ದ ಸಿಟ್ಟಿಗೆ ಮೂಲ ಕಾರಣ ಆ ಅಂಗಿ.

"ಡೀಸೆಲ್ ಐತೇನು?" ಎಂದರು ದಾವಲಸಾಬರು, ಸ್ಕೂಟರಿನಿಂದ ಇಳಿಯುವ ಮೊದಲೇ.

"ಬಾಯಿಮಟ ಐತ್ರಿ."

"ನಾ ಕಣ್ಣೀಲೆ ನೋಡಿ ನಂಬಾಂವ." ಅವರೇ ಮುಚ್ಚಳ ತೆಗೆದು, ಒಳಗೆ ಇಣುಕಿ, ತೃಪ್ತರಾಗಿ ಮುಚ್ಚಿದರು. ಆಮೇಲೆ ತೋಳು ಮಡಚಿ ಪಂಪಿನ ಪಕ್ಕದ ಮುಚ್ಚಳ ಬಿಚ್ಚಿ, ಒಂದು ಕಣ್ಣು ಮುಚ್ಚಿ, ಇನ್ನೊಂದರಲ್ಲಿ ಬಹಳ ಹೊತ್ತು ನೋಡಿ, ಒಂದು ಸ್ಕ್ರೂವನ್ನು ಕಾಲು ಸುತ್ತು ತಿರುವಿದರು. "ವೇಗ ಹಿಡಿದಿಡೋ ಗವರ್ನರಿನ ಸ್ಪ್ರಿಂಗು ಸೊರಗೈತಿ. ಹಚ್ಚು."

ಗೂಳಿ ಎದ್ದಿತು. ಎದ್ದ ಸಪ್ಪಳದ ಮೇಲೆ ದಾವಲಸಾಬರ ಧ್ವನಿ ಎದ್ದಿತು. ಅವರ ಮಾತನ್ನು ನಾನು ಅಲಂಕರಿಸಬೇಕಾಗಿಲ್ಲ, ಅವರೇ ಅಲಂಕರಿಸಿಕೊಂಡು ಆಡುವವರು.

"ಗುಡ್ಡಪ್ಪಾ, ಪಂಪಿನೊಳಗ ಒಂದು ಪ್ಲಂಜರ್ ಇರ್ತೈತಿ, ಅದರ ಸುತ್ತ ಒಂದು ಬ್ಯಾರಲ್ ಇರ್ತೈತಿ. ಎರಡೂ ಒಂದರ ಸಲುವಾಗಿ ಒಂದು ಹುಟ್ಟಿದ ಜೋಡಿ. ನಡುವಿನ ಸಂದಿನ್ಯಾಗ ನಿನ್ನ ತಲಿಗೂದಲಾ ಸೀಳಿ ಹಾಕಿದ್ರೂ ಹೋಗಂಗಿಲ್ಲ. ಆ ಸಂದಿ ಈ ಕೈಗೆ ಗೊತ್ತು. ಈ ಕೈ ಮುಟ್ಟಿದ್ದ ಪಂಪು ಮುಂದ ಹತ್ತ ವರ್ಸ ಯಾರನ್ನೂ ಕೇಳಂಗಿಲ್ಲ. ನೀ ಏನ ಮಾಡ್ತೀ? ಕೀಲಿ ತಿರುವ್ತಿ."

"ನೀವು ವರ್ಸಕ್ಕೊಮ್ಮೆ ಬಂದು ನಾಡಿ ಹಿಡೀತೀರಿ ಸಾಬ್ರ," ಎಂದ ಗುಡ್ಡಪ್ಪ. "ಹತ್ತೊಂಬತ್ತ ವರ್ಸ ಇದರ ಜೋಡಿ ಬಾಳೇವು ಮಾಡಿದಾಂವ ನಾ."

"ಬಾಳೇವು ಮಾಡಿದಾಂವಗ ಜ್ವರದ ಕಾರಣ ಗೊತ್ತಿರಂಗಿಲ್ಲ."

ಚಹಾ ಬಂತು. ದಾವಲಸಾಬರು ಬಸಿ ತುಟಿಗೆ ಮುಟ್ಟಿಸಿದರು. ಅಷ್ಟರಲ್ಲಿ ಹನ್ನೊಂದು ನಿಮಿಷ ಮುಗಿಯಿತು.

ಆ ಮೌನದಲ್ಲಿ ಚಹಾ ಗುಟುಕರಿಸಿದ ಸಪ್ಪಳವೊಂದೇ ಕೇಳಿಸಿತು. ಗುಡ್ಡಪ್ಪನಿಗೆ ಒಂದು ಕ್ಷಣ ಒಳಗೊಳಗೇ ಖುಷಿಯಾದದ್ದು ನಿಜ. ಮರುಕ್ಷಣ ಗೂಳಿಯ ನೆನಪಾಗಿ ತನ್ನ ಖುಷಿಗೆ ತಾನೇ ಹೇಸಿಕೊಂಡ. ಗೂಳಿ ನಿಂತದ್ದು ಇದು ಮೂರನೆಯ ಸಲ.

ಇಲ್ಲಿಂದ ಮುಂದೆ ನಡೆದದ್ದು ಯುದ್ಧ. ಡೀಸೆಲಿನಲ್ಲಿ ಕಸ ಇದೆ ಎಂದು ದಾವಲಸಾಬರು ಬಾಣ ಬಿಟ್ಟರು. ಫಿಲ್ಟರು ಹೊಸದೆಂದು ಗುಡ್ಡಪ್ಪ ಅದನ್ನು ನಡುವೆ ತುಂಡರಿಸಿದ. ಸ್ಕ್ರೂ ತಿರುವಿ ನೀವೇ ಕೆಡಿಸಿದಿರಿ ಎಂದು ಗುಡ್ಡಪ್ಪ ಗದೆ ಬೀಸಿದ. ಕೆಟ್ಟಿದ್ದಕ್ಕೇ ನನ್ನನ್ನು ಕರೆದೆಯಲ್ಲ ಎಂದು ದಾವಲಸಾಬರು ಗುರಾಣಿ ಹಿಡಿದರು. ಬೆಂಚಿನ ಈ ತುದಿಯಲ್ಲಿ ಸ್ಕ್ರೂಡ್ರೈವರು, ಆ ತುದಿಯಲ್ಲಿ ಬೋಲ್ಟು ತಿರುವುವ ಹದಿನೇಳರ ಪಾನಾ, ನಡುವೆ ನಿರಪರಾಧಿಯಾದ ಚಹಾದ ಕೆಟ್ಲು, ಬೆಂಚಿನ ಕೆಳಗೆ ಉರುಳಿಹೋದ ಒಂದು ನಟ್ಟು. ಗುಡ್ಡಪ್ಪನ ಮಾವನ ಮನೆಯವರ ಪ್ರಸ್ತಾಪ ಒಮ್ಮೆ ಬಂದು ಹೋಯಿತು. ದಾವಲಸಾಬರ ಸ್ಕೂಟರಿನ ಹೊಗೆಯ ಪ್ರಸ್ತಾಪವೂ ಬಂತು. ಕಡೆಗೆ ದಾವಲಸಾಬರು ಅಂತಿಮಾಸ್ತ್ರ ತೆಗೆದರು.

"ಪಂಪು ಇಳಸ್ತೀನಿ. ಖೋಲಿಗೆ ಒಯ್ದು ಮಷೀನಿಗೆ ಹಾಕಿ ನೋಡೂದ. ನಾಕ ತಾಸಿನ ಕೆಲಸ." ಹಾಗೆಂದವರೇ ಪಂಪಿನ ಬೋಲ್ಟಿಗೆ ಪಾನಾ ಹಾಕಿಬಿಟ್ಟರು.

ಗುಡ್ಡಪ್ಪ ಆ ಪಾನಾದ ಮೇಲೆ ತನ್ನ ಎರಡೂ ಕೈ ಇಟ್ಟ. "ಪಂಪಿಗೆ ಕೈ ಹಚ್ಚಬ್ಯಾಡ್ರಿ ಸಾಬ್ರ. ನಾಕ ತಾಸಿಗೆ ಒಳಗಿನ ಮರಿ ಉಳಿಯಂಗಿಲ್ಲ. ಪಂಪು ಇಳಸೀರಿ ಅಂತ ಸಾವಕಾರ್ರಿಗೆ ಗೊತ್ತಾದ್ರ ಇದನ್ನ ಗುಜರಿಗೆ ಹಾಕ್ತಾರ. ಈ ಬೋಲ್ಟ್ ಬಿಚ್ಚೋದು ಬ್ಯಾರೆ ಅಲ್ಲ, ಇದನ್ನ ಕೊಲ್ಲೋದು ಬ್ಯಾರೆ ಅಲ್ಲ."

ದಾವಲಸಾಬರು ಅವನ ಮುಖ ನೋಡಿ ಪಾನಾ ಸಡಿಲಿಸಿದರು, ತೆಗೆಯಲಿಲ್ಲ.

ಆ ಹೊತ್ತಿಗೆ ದುರ್ಗವ್ವ ಶೆಡ್ಡಿಗೆ ಬಂದಳು. ಕೈಯಲ್ಲಿ ರಟ್ಟಿನ ತುಂಡು, ಹಣೆಯ ಕುಂಕುಮ ಬೆವರಿಗೆ ಕರಗಿ ಮೂಗಿನ ತನಕ ಇಳಿದಿತ್ತು. ಮರಿ ಖೋಲಿಯ ಬಾಗಿಲೆಲ್ಲ ತೆರೆಸಿ, ಕೆಲಸದ ಹೆಂಗಸರನ್ನು ಸಾಲಾಗಿ ನಿಲ್ಲಿಸಿ, ಮೊಟ್ಟೆಗಳಿಗೆ ರಟ್ಟಿನಿಂದ ಗಾಳಿ ಬೀಸಿಸುತ್ತಿದ್ದಳು. ಅವಳಿಗೆ ಪಂಪು ಗೊತ್ತಿಲ್ಲ, ಗವರ್ನರು ಗೊತ್ತಿಲ್ಲ. ಗೊತ್ತಿರುವುದು ಒಂದೇ ವಿದ್ಯೆ: ಮೊಟ್ಟೆಯನ್ನು ಕಿವಿಗೆ ಹಿಡಿದು, ಒಳಗೆ ಮರಿ ಬದುಕಿದೆಯೋ ಇಲ್ಲವೋ ಹೇಳುವುದು. ಇಪ್ಪತ್ತನೆಯ ದಿನ ಬೆಳಗಿನಿಂದ ಸಂಜೆಯ ತನಕ ಅವಳದು ಅದೇ ಕೆಲಸ.

"ಒಳಗಿನ ಸಪ್ಪಳ ಕಡಿಮಿ ಆಗಾಕತ್ತೈತಿ," ಎಂದಳು.

ಇಬ್ಬರು ವೀರರೂ ತಲೆ ಬಗ್ಗಿಸಿದರು. ನನಗೂ ಇಲ್ಲಿ ಸಮಾಸಪದ ಹೊಂದಿಸಲು ಮನಸ್ಸು ಬರುವುದಿಲ್ಲ.

"ನಿಮ್ಮ ಜಗಳ ಆಮ್ಯಾಲೆ ಮಾಡ್ಕೋರಿ. ಈಗ ಮತ್ತೊಮ್ಮೆ ಚಾಲೂ ಮಾಡ್ರಿ. ಹನ್ನೊಂದ ನಿಮಿಷ ಓಡಿದ್ರೂ ಓಡ್ಲಿ, ಅಷ್ಟು ಗಾಳಿ ಸಿಗ್ತೈತಿ."

ಗುಡ್ಡಪ್ಪ ರೂಢಿಯಂತೆ ಮೊದಲು ಟ್ಯಾಂಕಿನ ಮುಚ್ಚಳ ತಿರುವಿದ.

"ತಡಿ," ಎಂದಳು ದುರ್ಗವ್ವ. "ಏನದು ಸಪ್ಪಳ?"

"ಯಾವ ಸಪ್ಪಳ?"

"ಮುಚ್ಚಳಾ ತಗದ್ಯಲ್ಲ, ಸುಂಯ್ ಅಂತು. ಒಳಗ ಗಾಳಿ ಎಳಕೊಂತು."

ಷಟ್‌ಸಿಲಿಂಡರಗರ್ಜನೆಯಲ್ಲಿ ಹತ್ತೊಂಬತ್ತು ವರ್ಷ ಕಳೆದ ಕಿವಿಗಳಿಗೂ, ಮೂವತ್ತು ವರ್ಷ ಪಂಪಿನ ನಾಡಿ ಕೇಳಿದ ಕಿವಿಗಳಿಗೂ ಅಂಥದ್ದೇನೂ ಕೇಳಿಸಿರಲಿಲ್ಲ. ಹಿಂದಿನ ಸಲಗಳಲ್ಲಿ ಅವು ತಮ್ಮ ತಮ್ಮ ಬಾಯಿಯನ್ನು ಕೇಳುವುದರಲ್ಲಿದ್ದವು. ದಾವಲಸಾಬರು ಮೆಲ್ಲಗೆ ನಕ್ಕು, "ತಂಗೀ, ಇದು ಪಂಪಿನ ವಿಷಯ" ಎಂದರು.

"ಪಂಪು ನೀವ ನೋಡ್ಕೋರಿ ಅಣ್ಣಾರ. ನಾ ಕೇಳೋದು ಇಷ್ಟ. ಪ್ರತಿ ಸಲ ಚಾಲೂ ಮಾಡೂಮುಂದ ಈ ಮುಚ್ಚಳಾ ತಗದು ನೋಡೀರೇನು?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೂಂ ಎಂದರು.

"ಮನ್ಯಾಗ ಎಣ್ಣಿ ಡಬ್ಬಿ ಒಡದ್ರ ಎರಡು ತೂತು ಮಾಡ್ತೀವಿ. ಒಂದರಾಗ ಎಣ್ಣಿ ಬರಾಕ, ಒಂದರಾಗ ಗಾಳಿ ಹೋಗಾಕ. ಒಂದ ತೂತು ಮಾಡಿದ್ರ ಗುಳು ಗುಳು ಅಂದು ನಿಂತ ಬಿಡ್ತೈತಿ. ಇದರಾಗಿಂದ ಡೀಸೆಲ್ ಹೊರಗ ಹೊಕ್ಕೈತಿ. ಒಳಗ ಗಾಳಿ ಹೋಗೋ ತೂತು ಎಲ್ಲೈತಿ?"

ದಾವಲಸಾಬರು ಮುಚ್ಚಳವನ್ನು ಗುಡ್ಡಪ್ಪನ ಕೈಯಿಂದ ತೆಗೆದುಕೊಂಡು ಬೆಳಕಿಗೆ ಹಿಡಿದರು. ಟ್ಯಾಂಕಿನ ಮುಚ್ಚಳದ ನಟ್ಟನಡುವೆ ಒಂದು ಸಣ್ಣ ತೂತು ಇರಬೇಕು. ಇರಬೇಕಾದ ಜಾಗದಲ್ಲಿ ನುಣ್ಣನೆಯ ಕೆಂಪು ಬಣ್ಣವಿತ್ತು. ಬಣ್ಣದ ಮೇಲೆ ವಿಭೂತಿಯ ಮೂರು ಪಟ್ಟೆ, ಅದರ ಮೇಲೆ ಗಂಧ, ಗಂಧದ ಮೇಲೆ ಎಂಟಾಣೆಯಷ್ಟಗಲ ಕುಂಕುಮ.

ಗುಡ್ಡಪ್ಪನಿಗೆ ಎಲ್ಲವೂ ಒಮ್ಮೆಲೇ ನೆನಪಾಯಿತು. ಖಂಡೇಪೂಜೆಯ, ಅಂದರೆ ಆಯುಧಪೂಜೆಯ, ಹಿಂದಿನ ದಿನ, ಗುಜರಿಯ ಮಾತು ಕೇಳಿದ ಮೇಲೆ, ಗೂಳಿ ಹರೆಯದ್ದೆಂದು ಸಾವಕಾರ್ರ ಕಣ್ಣಿಗೆ ಕಾಣಲಿ ಎಂದು ಅದಕ್ಕೂ ಟ್ಯಾಂಕಿಗೂ ತನ್ನ ಕೈಯಾರೆ ಮೂರು ಕೋಟು ಆಯಿಲ್ ಪೇಂಟ್ ಬಳಿದವನು ಅವನು. ಪೂಜೆಯ ದಿನ, ಬೇರೆಲ್ಲ ಕಡೆ ಸಣ್ಣದಾಗಿ ಹಚ್ಚಿ, ಈ ದುಂಡು ಮುಚ್ಚಳ ಮಾತ್ರ ಗೂಳಿಯ ಹಣೆಯಂತೆ ಕಂಡದ್ದರಿಂದ ಅದರ ನಡುವೆಯೇ ಒತ್ತಿ ಒತ್ತಿ ಕುಂಕುಮ ಇಟ್ಟವನೂ ಅವನೇ. ಆಮೇಲೆ ಸೋಮವಾರದ ಟ್ರಯಲ್ ಐದೇ ನಿಮಿಷ. ಡೀಸೆಲ್ ಉಳಿಸಲೆಂದು ಹತ್ತೊಂಬತ್ತು ವರ್ಷದಿಂದ ಅವನ ಟ್ರಯಲ್ ಐದು ನಿಮಿಷ ದಾಟಿದ್ದಿಲ್ಲ.

ದಾವಲಸಾಬರು ಪಂಪಿನ ಬೋಲ್ಟಿನ ಮೇಲಿದ್ದ ಪಾನಾ ತೆಗೆದು ಬೆಂಚಿನ ಮೇಲಿಟ್ಟರು.

ದುರ್ಗವ್ವ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ಬಿಚ್ಚಿ, ಮುಚ್ಚಳ ಇಸಿದುಕೊಂಡು, ಕುಂಕುಮದ ನಡುವೆ ಚುಚ್ಚಿ ಎರಡು ಸಲ ತಿರುವಿದಳು. ಸಕಲಫ್ಯಾನಸ್ತಂಭಕಾರಕ, ವೀರದ್ವಯಮಾನಮರ್ದಕ, ದ್ವಾತ್ರಿಂಶತ್‌ಸಹಸ್ರಾಂಡಭಯಂಕರ ದಾನವನು ಕೆಂಪು ಹಕ್ಕಳೆಯಾಗಿ ಅವಳ ಅಂಗೈಗೆ ಬಿದ್ದನು. ಅವಳು ಅದನ್ನು ಉಫ್ ಎಂದು ಊದಿದಳು.

"ಹಚ್ಚು," ಎಂದಳು.

ಗೂಳಿ ಎದ್ದಿತು. ಮೂವರೂ ದಾವಲಸಾಬರ ಕೈಗಡಿಯಾರ ನೋಡುತ್ತ ನಿಂತರು. ಹತ್ತು ನಿಮಿಷವಾಯಿತು. ಹನ್ನೊಂದಾಯಿತು. ಗುಡ್ಡಪ್ಪ ಕಣ್ಣು ಮುಚ್ಚಿದ. ಹನ್ನೆರಡು, ಹದಿಮೂರು, ಇಪ್ಪತ್ತು. ಸಾವಿರದೈನೂರು ಸುತ್ತಿನ ಆ ಸಮಶ್ರುತಿ ಕಿಂಚಿತ್ತೂ ಜಾರಲಿಲ್ಲ. ದುರ್ಗವ್ವ ಮರಿ ಖೋಲಿಗೆ ಹೋಗಿ, ಕಾಲು ತಾಸು ಬಿಟ್ಟು ಬಂದು, ಸಪ್ಪಳ ತಿರುಗಿ ಶುರುವಾಗಿದೆ ಎಂದು ಹೇಳಿದಳು. ಒಂದು ಮೊಟ್ಟೆ ಆಗಲೇ ಒಡೆದು ಒಂದು ತಲೆ ಹೊರಗೆ ಬಂದಿದೆಯಂತೆ. ಗುಡ್ಡಪ್ಪನಿಗೆ ಅಳು ಬಂತು. ಈ ಸಲ ಅಂಗಿಯ ತೋಳಿನಲ್ಲಿ ಒರೆಸಿಕೊಂಡ.

ಆಗ ಗುಡ್ಡಪ್ಪನ ಫೋನು ರಿಂಗಾಯಿತು. ಸಾವಕಾರ್ರು.

ದಾವಲಸಾಬರು ಅವನ ಭುಜ ಹಿಡಿದು ತಗ್ಗಿದ ಧ್ವನಿಯಲ್ಲಿ ಹೇಳಿದರು: "ಗುಡ್ಡಪ್ಪಾ, ನಿಂತಿತ್ತು ಅಂತ ಹೇಳಾಕ ಬೇಕಾದ್ರ ಪಂಪಿನ ಮ್ಯಾಲೆ ಹಾಕು. ಪಂಪು ಹಳೇದು, ಸಾಬ್ರು ಬಂದು ಸರಿ ಮಾಡಿದ್ರು ಅನ್ನು. ನಾ ಹೂಂ ಅಂತೀನಿ. ಬಣ್ಣದ ಮಾತು ಇಲ್ಲೇ ಇರ್ಲಿ. ಊರಾಗ ಗೊತ್ತಾದ್ರ ನೀ ತಲಿ ಎತ್ತಿ ತಿರಗಾಕ ಆಗಂಗಿಲ್ಲ."

ಆ ಮಾತಿನಲ್ಲಿ ಒಂದಿಷ್ಟು ಪಂಪಿನ ಕೆಲಸದ ಆಸೆ ಇದ್ದಿರಬಹುದು, ಆದರೆ ಹೆಚ್ಚಿನ ಪಾಲು ಪ್ರೀತಿಯೇ ಇತ್ತು. ಗುಡ್ಡಪ್ಪ ರಿಂಗಾಗುತ್ತಿರುವ ಫೋನನ್ನು ಹಿಡಿದು ನಿಂತ. ಪಂಪಿನ ಮೇಲೆ ಹಾಕಿದರೆ ತನ್ನ ಮಾನ ಉಳಿಯುತ್ತದೆ, ಗೂಳಿ ಗುಜರಿಗೆ ಹೋಗುತ್ತದೆ. ನಿಂತೇ ಇರಲಿಲ್ಲ ಎನ್ನಬಹುದು, ಆದರೆ ದುರ್ಗವ್ವ ಎದೆಯ ಮೇಲೆ ಕೈಕಟ್ಟಿ ಎದುರಿಗೇ ನಿಂತಿದ್ದಾಳೆ. ಖರೇ ಹೇಳಿದರೆ ಗೂಳಿ ಉಳಿಯಬಹುದು; ಹತ್ತೊಂಬತ್ತು ವರ್ಷ ಶೆಡ್ಡು ಆಳಿದ ಗುಡ್ಡಪ್ಪ ಮಾತ್ರ ನಾಳೆಯಿಂದ ಹಲಗೇರಿಯ ಚಹಾದಂಗಡಿಯಲ್ಲಿ ನಗೆಪಾಟಲು. ಬೆಳಗಿನಿಂದ ನಡೆದ ಯುದ್ಧಗಳಲ್ಲಿ ಇದೊಂದೇ ನಿಜವಾದ ಯುದ್ಧವಾಗಿತ್ತು, ಮತ್ತು ಇದಕ್ಕೆ ಗರ್ಜನೆಯೇ ಇರಲಿಲ್ಲ. ಅವನು ಫೋನ್ ಎತ್ತಿದ.

"ಏನದು ಸಪ್ಪಳ? ಕರೆಂಟ್ ಹೋಗೈತೇನು?"

"ಹೋಗೈತ್ರಿ ಸಾವಕಾರ್ರ. ಗೂಳಿ ಓಡಾಕತ್ತೈತಿ."

"ನಿಂತಿತ್ತೇನು?"

"ಮೂರ ಸಲ ನಿಂತಿತ್ರಿ. ತಪ್ಪು ಅದರದಲ್ರಿ. ಪಂಪಿಂದೂ ಅಲ್ರಿ. ನಂದು. ಖಂಡೇಪೂಜಿಗೆ ಬಣ್ಣಾ ಹಚ್ಚೂಮುಂದ ಟಾಕಿ ಮುಚ್ಚಳದ ಗಾಳಿ ತೂತು ಮುಚ್ಚಿಬಿಟ್ಟಿದ್ದೆ. ಅದರ ಮ್ಯಾಲೆ ಕುಂಕುಮಾನೂ ನಾನ ಇಟ್ಟೀನ್ರಿ. ದುರ್ಗಕ್ಕ ಪಿನ್ನಾ ಹಾಕಿ ತಗದ್ಲು."

ಆ ಕಡೆ ಯಾರೋ ಹಿಂದೆ ನಿಂತು ಹೊಸ ಯಂತ್ರದ ಗುಣಗಾನ ಮಾಡುತ್ತಿರುವುದು ಸಣ್ಣಗೆ ಕೇಳಿಸುತ್ತಿತ್ತು.

"ತೂತು ಎಷ್ಟ ದೊಡ್ಡದು?" ಎಂದರು ಸಾವಕಾರ್ರು.

"ಸಾಸಿವಿ ಕಾಳಿನಷ್ಟ್ರಿ."

"ಮರಿ?"

"ಅದಾವ್ರಿ. ಹೊರಗ ಬರಾಕತ್ತಾವು."

ಒಂದು ನಿಟ್ಟುಸಿರು, ಅದರ ಕೊನೆಯಲ್ಲಿ ನಗೆಯೋ ಕೆಮ್ಮೋ ತಿಳಿಯದ ಒಂದು ಸದ್ದು. "ಗೂಳಿ ಇರ್ಲಿ ಹಂಗಾರ. ಆದ್ರ ಇನ್ನ ಮ್ಯಾಲೆ ನಿನ್ನ ಕೈಯಾಗ ಬ್ರಷ್ ಕಂಡ್ರ ನಾ ಸುಮ್ನಿರಾಂವಲ್ಲ."

"ಆತ್ರಿ," ಎಂದ ಗುಡ್ಡಪ್ಪ.

ದಾವಲಸಾಬರು ಕೈ ತೊಳೆದು, ಕಲೆಯಿಲ್ಲದ ತೋಳು ಕೆಳಗಿಳಿಸಿ, ಸ್ಕೂಟರ್ ಹತ್ತಿದರು. ಗುಡ್ಡಪ್ಪ ಅವರನ್ನು ಕಳಿಸಿ ಬಂದು, ಶೆಡ್ಡಿನಲ್ಲಿ ತಾನೊಬ್ಬನೇ ಇರುವೆನೆಂದು ಖಾತ್ರಿ ಮಾಡಿಕೊಂಡು, ಓಡುತ್ತಿರುವ ಗೂಳಿಯ ಪಕ್ಕದ ಟ್ಯಾಂಕಿನ ಬಳಿ ನಿಂತ. ಗಾಳಿ ನಿಜವಾಗಿ ಒಳಗೆ ಹೋಗುತ್ತಿದೆಯೋ ಎಂದು ನೋಡಲು ತೂತಿನ ಮೇಲೆ ಮೆತ್ತಗೆ ಬೆರಳಿಟ್ಟ. ಇಟ್ಟು ಸ್ವಲ್ಪ ಹೊತ್ತಾದ ಮೇಲೆ, ತಾನು ಮಾಡುತ್ತಿರುವುದೇನೆಂದು ಹೊಳೆದು ಗಾಬರಿಯಿಂದ ಕೈ ಕಿತ್ತುಕೊಂಡ.

ದುರ್ಗವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಊಟಕ್ಕ ಹೋಗಪಾ ನೀ," ಎಂದಳು.